ಮೈದುನನ ಹೆಸರು

ಕರಕೋಲ್ ಪಟ್ಟಣದಲ್ಲಿ ಬುರುಲ್ಸುನ್ ಬಗ್ಗೆ ಒಂದು ಕತೆ ಓಡಾಡುತ್ತಿದೆ. ತುಂಬಿದ ಸಮಾರಂಭದಲ್ಲಿ ಅವಳು ತನ್ನ ಮರದ ಹೋತದ ಬೊಂಬೆಯನ್ನು ಎತ್ತಿ ಮೈದುನನ ಬಾಯಿಗೆ ಬಾರಿಸಿದಳಂತೆ, ಅವನ ಮುಂದಿನ ಹಲ್ಲುಗಳು ಮಾಂಸದ ತಟ್ಟೆಯೊಳಕ್ಕೆ ಉದುರಿದವಂತೆ, ಸೋಮವಾರ ಅವಳೇ ಅವನಿಗೆ ಹೊಸ ಹಲ್ಲು ಕಟ್ಟಿಕೊಟ್ಟಳಂತೆ. ಮಿನಿಬಸ್ಸಿನಲ್ಲಿ, ಸಂತೆಯ ಉಣ್ಣೆಯ ಸಾಲಿನಲ್ಲಿ, ಅಂಚೆ ಕಚೇರಿಯ ಸರತಿಯಲ್ಲಿ ನಾನು ಇದನ್ನು ಏಳು ಜನರ ಬಾಯಿಂದ ಕೇಳಿದ್ದೇನೆ. ಒಬ್ಬೊಬ್ಬರ ಬಾಯಲ್ಲೂ ಉದುರಿದ ಹಲ್ಲುಗಳ ಸಂಖ್ಯೆ ಬೇರೆ.

ಅವಳು ಯಾರಿಗೂ ಹೊಡೆದಿಲ್ಲ. ಆ ಸಭಾಂಗಣದಲ್ಲಿ ಮೂರನೆಯ ಮೇಜಿನಲ್ಲಿ ನಾನು ಕೂತಿದ್ದೆ. ಅವಳು ಮಾಡಿದ್ದು ಇಷ್ಟೇ: ಮೈದುನನ ಹೆಸರನ್ನು ಬಾಯಿಬಿಟ್ಟು ಹೇಳಿದಳು. ಊರು ಈ ನಿಜವನ್ನು ಬಿಟ್ಟು ಹಲ್ಲಿನ ಕತೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಹೊಡೆದಾಡುವ ಹೆಂಗಸನ್ನು ನೋಡಿ ನಗಬಹುದು. ಹೆಸರು ಹಿಡಿದು ಕರೆಯುವ ಸೊಸೆಯನ್ನು ನೋಡಿ ಏನು ಮಾಡಬೇಕೆಂದು ಇಲ್ಲಿ ಯಾರಿಗೂ ತಿಳಿಯದು.

ಬುರುಲ್ಸುನ್‌ಗೆ ಆಗ ಐವತ್ತು. ಸೋಮವಾರದಿಂದ ಶುಕ್ರವಾರದವರೆಗೆ ಅವಳು ದಂತ ಚಿಕಿತ್ಸಾಲಯದ ಹಿಂದಿನ ಕೋಣೆಯಲ್ಲಿ ಕೂತು ಹಲ್ಲು ಕಟ್ಟುತ್ತಾಳೆ. ಊರಿನವರ ಮುಖಗಳಿಗಿಂತ ಅವರ ದವಡೆಗಳ ಅಚ್ಚುಗಳೇ ಅವಳಿಗೆ ಹೆಚ್ಚು ಪರಿಚಿತ. ಬೀದಿಯಲ್ಲಿ ಯಾರಾದರೂ ನಮಸ್ಕರಿಸಿದರೆ ಮೊದಲು ಅವರ ಬಾಯಿಯನ್ನು ನೋಡುತ್ತಾಳೆ, ಆಮೇಲೆ ಗುರುತು ಹಿಡಿಯುತ್ತಾಳೆ. ಶನಿವಾರ ಮತ್ತು ಭಾನುವಾರ ಮಾತ್ರ ಅವಳ ಕೈ ಕೊಮುಜ್ ವಾದ್ಯಕ್ಕೆ ಸೇರಿದ್ದು. ಅವಳು ಸಂಗೀತ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅತ್-ಬಾಶಿ ಹಳ್ಳಿಯ ತವರಿನಲ್ಲಿ ಅಪ್ಪ ನುಡಿಸುವುದನ್ನು ನೋಡಿ ಕಲಿತವಳು. ಜರದಾಳು ಮರದ ಒಂದೇ ತುಂಡಿನಿಂದ ಕೆತ್ತಿದ ಆ ಮೂರು ತಂತಿಯ ವಾದ್ಯ ಮದುವೆಯ ಗಂಟಿನೊಂದಿಗೇ ಬಂದದ್ದು.

ಹೋತವನ್ನು ಅವಳೇ ಮಾಡಿಕೊಂಡಳು. ಗೇಣುದ್ದದ ಮರದ ಬೊಂಬೆ. ಹಿಂದಕ್ಕೆ ಬಾಗಿದ ಕೊಂಬು, ಬಿಡಿಬಿಡಿಯಾಗಿ ಅಲ್ಲಾಡುವ ಕತ್ತು, ನಡು ಮತ್ತು ನಾಲ್ಕು ಕಾಲು. ಕೀಲುಗಳಿಗೆ ಹಲ್ಲು ಕಟ್ಟುವ ಸಣ್ಣ ಉಕ್ಕಿನ ತಂತಿಯನ್ನು ಬಳಸಿದ್ದಳು. ಆದ್ದರಿಂದ ಅವಳ ಹೋತ ಸಂತೆಯ ಹೋತಗಳ ಹಾಗೆ ಕಟಕಟ ಎನ್ನುವುದಿಲ್ಲ. ಅದು ಪೆಟ್ಟಿಗೆಯ ಮೇಲೆ ನಿಲ್ಲುತ್ತದೆ. ಹೊಟ್ಟೆಯ ಕೆಳಗಿನಿಂದ ಇಳಿಯುವ ದಾರಗಳು ಪೆಟ್ಟಿಗೆಯೊಳಗೆ ಹಾದು, ಪಕ್ಕದಿಂದ ಹೊರಬಂದು, ನುಡಿಸುವವಳ ಬಲಗೈ ಬೆರಳುಗಳಿಗೆ ಸೇರುತ್ತವೆ. ಬೆರಳು ತಂತಿಯನ್ನು ಬಡಿದಾಗ ಹೋತ ಕುಣಿಯುತ್ತದೆ, ಬೆರಳು ನಿಂತರೆ ನಿಲ್ಲುತ್ತದೆ.

ಶನಿವಾರ ಬೆಳಿಗ್ಗೆ ಬಟ್ಟೆ ಒಗೆದು ಹರವಿ, ಹಿಟ್ಟು ನಾದಿ ಮುಚ್ಚಿಟ್ಟ ಮೇಲೆ ಅಡಿಗೆಮನೆಯ ಮೇಜಿನ ಮುಂದೆ ಅವರ ಆಟ ಶುರುವಾಗುತ್ತಿತ್ತು. ಗಂಡ ಕಸಿಮಾಲಿ ಮಿನಿಬಸ್ ಓಡಿಸುವವನು. ಅವನು ಎದುರು ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತ ಪ್ರೇಕ್ಷಕನಾಗುತ್ತಿದ್ದ. ಅವರ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದು ತೆಳು ಗೋಡೆ, ಆದ್ದರಿಂದ ಎಲ್ಲವೂ ಕೇಳಿಸುತ್ತದೆ.

"ನೋಡ್ರೀ, ನಿಮ್ಮನ್ನೇ ನೋಡಿ ತಲೆ ಅಲ್ಲಾಡಿಸ್ತಿದೆ."

"ಹೂಂ ಅಂತಿದೆಯೋ, ಊಹೂಂ ಅಂತಿದೆಯೋ?"

"ಕಸದ ಬಕೆಟ್ಟು ಯಾಕೆ ಇನ್ನೂ ಬಾಗಿಲ ಹತ್ರಾನೇ ಇದೆ ಅಂತಿದೆ."

"ಬರೀ ಕುಣಿಯೋಕೆ ಹೇಳು ಅದಕ್ಕೆ. ಸಂಸಾರದ ವಿಷಯ ಹೋತಕ್ಕೆ ಯಾಕೆ?"

ಆ ಮೇಜಿನ ಮೇಲೆ ನಾಲ್ಕು ಚಳಿಗಾಲಗಳಲ್ಲಿ ಒಂದು ಮಟ್ಟು ಹುಟ್ಟಿತು. ಅವಳು ಅದಕ್ಕೆ 'ಇಳಿಯಲೊಲ್ಲದ ಹೋತ' ಎಂದು ಹೆಸರಿಟ್ಟಿದ್ದಳು. ಮೊದಲ ಚಳಿಗಾಲದಲ್ಲಿ ಅದು ಬರೀ ಆರು ಬಡಿತಗಳ ಒಂದು ತುಣುಕು. ಎರಡನೆಯ ವರ್ಷ ಅದಕ್ಕೆ ಬಂಡೆ ಹತ್ತುವ ಭಾಗ ಸೇರಿತು. ಮೂರನೆಯ ವರ್ಷ ಅವಳು ಅದನ್ನೆಲ್ಲ ಕಿತ್ತುಹಾಕಿ ಇಡೀ ತಿಂಗಳು ಏನೂ ನುಡಿಸದೆ ಕೂತಳು. ಎರಡೂ ಮನೆಗಳಿಗೆ ಹಾದುಹೋಗುವ ಬಿಸಿನೀರಿನ ಕೊಳವೆಗೆ ನಾನು ಚಮಚದಿಂದ ಒಮ್ಮೆ ತಟ್ಟಿದರೆ ಸಾಕು ಎಂದರ್ಥ, ಎರಡು ಸಲ ತಟ್ಟಿದರೆ ಇನ್ನೊಮ್ಮೆ ಎಂದರ್ಥ. ನಾಲ್ಕನೆಯ ಚಳಿಗಾಲದಲ್ಲಿ ಬಂಡೆ ಹತ್ತುವ ಭಾಗ ಹೊಸದಾಗಿ ಮರಳಿ ಬಂತು, ನಾನು ಹೆಚ್ಚಾಗಿ ಎರಡು ಸಲವೇ ತಟ್ಟುತ್ತಿದ್ದೆ. ಅದು ಯಾರ ಮಟ್ಟು ಎಂಬುದು ನನಗೆ ಅಭಿಪ್ರಾಯದ ವಿಷಯವಲ್ಲ, ಕಿವಿಯಾರೆ ಕೇಳಿದ ವಿಷಯ.

ಇನ್ನು ಮೈದುನ. ಅವನು ಕಸಿಮಾಲಿಯ ಕೊನೆಯ ತಮ್ಮ. ಇಲ್ಲಿಯ ರೂಢಿಯಂತೆ ಕೊನೆಯ ಮಗನಿಗೇ ತಂದೆತಾಯಿಯ ಮನೆ, ಅದರೊಂದಿಗೆ ತಾಯಿಯೂ. ಸಂಸ್ಕೃತಿ ಭವನದ ವಾದ್ಯತಂಡಕ್ಕೆ ಅವನು ಮುಖ್ಯಸ್ಥ. ಮದುವೆ, ಹುಟ್ಟುಹಬ್ಬಗಳಲ್ಲಿ ಮೈಕ್ ಹಿಡಿದು ಸಭೆ ನಡೆಸುವವನೂ ಅವನೇ. ಬುರುಲ್ಸುನ್ ಸೊಸೆಯಾಗಿ ಬಂದಾಗ ಅವನಿಗೆ ಹದಿಮೂರು ವರ್ಷ. ಗಂಡನ ಮನೆಯವರ ಹೆಸರನ್ನು, ಹಿರಿಯರದಾಗಲಿ ಕಿರಿಯರದಾಗಲಿ, ಸೊಸೆ ಬಾಯಿಂದ ಆಡುವಂತಿಲ್ಲ; ಒಬ್ಬೊಬ್ಬರಿಗೂ ತಾನೇ ಒಂದೊಂದು ಹೆಸರು ಇಟ್ಟುಕೊಳ್ಳಬೇಕು. ಪಟ್ಟಣದ ಹುಡುಗಿಯರು ಇದನ್ನು ಯಾವಾಗಲೋ ಬಿಟ್ಟಿದ್ದಾರೆ. ಅತ್-ಬಾಶಿಯಿಂದ ಬಂದ ಬುರುಲ್ಸುನ್ ಬಿಡಲಿಲ್ಲ. ಗುಂಡುಗುಂಡಾಗಿ, ಯಾರ ತಟ್ಟೆಗಾದರೂ ಕೈ ಹಾಕುತ್ತಿದ್ದ ಆ ಹುಡುಗನಿಗೆ ಅವಳು 'ಚಿಕ್ಕದೊರೆ' ಎಂದು ಹೆಸರಿಟ್ಟಳು. ಇಪ್ಪತ್ತೆಂಟು ವರ್ಷ ಹಾಗೆಯೇ ಕರೆದಳು.

ಬುರುಲ್ಸುನ್ ಮದುವೆಯ ದಿನವೇ ಚಿಕ್ಕದೊರೆ ಅವಳ ಬೂಟುಗಳನ್ನು ಬಚ್ಚಿಟ್ಟಿದ್ದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅತ್ತಿಗೆಯಿಂದ ಮೈದುನ ಏನು ಕಸಿದರೂ ಅದು ಆಟ, ನಗಬೇಕಾದ್ದು ಅತ್ತಿಗೆಯ ಧರ್ಮ. ಆಮೇಲೆ ನರಿತುಪ್ಪಳದ ಟೊಪ್ಪಿಗೆ ಹೋಯಿತು. ಪ್ರತಿ ಆಗಸ್ಟಿನಲ್ಲಿ ಹಣ್ಣಿನ ಪಾಕದ ಮೊದಲ ಜಾಡಿಗಳು ಹೋದವು. ತವರಿನವರು ಕಳಿಸಿದ ಕುರಿಚರ್ಮದ ಹಾಸು ಹೋಯಿತು. ಪ್ರತಿ ಸಲವೂ ಅವನು "ಅತ್ತಿಗೆ, ಕೋಪಾನಾ?" ಎಂದು ಕಣ್ಣು ಮಿಟುಕಿಸುತ್ತಿದ್ದ. ಅವಳು ನಗುತ್ತಿದ್ದಳು. ಈ ನಗುವನ್ನು ನಾನು ಬಹಳ ಸಲ ನೋಡಿದ್ದೇನೆ. ಅದರಲ್ಲಿ ಹಲ್ಲುಗಳು ಮಾತ್ರ ಇರುತ್ತಿದ್ದವು.

ಆ ಫೆಬ್ರವರಿಯ ಒಂದು ಶನಿವಾರ ಅವನು ಒಣ ಜರದಾಳಿನ ಪೊಟ್ಟಣ ಹಿಡಿದು ಬಂದ. ಅವಳು ನುಡಿಸುತ್ತಿದ್ದಳು. "ನಿಲ್ಲಿಸ್ಬೇಡಿ ಅತ್ತಿಗೆ, ಮಕ್ಕಳಿಗೆ ತೋರಿಸ್ತೀನಿ," ಎಂದು ಮೇಜಿನ ಮೇಲೆ ಬಾಗಿ ಫೋನಿನಲ್ಲಿ ಚಿತ್ರಿಸಿಕೊಂಡ. ಮಟ್ಟಿನ ನಡುವೆ ಒಂದು ಕಡೆ ಹೋತದ ಹಿಂಗಾಲಿಗೆ ದಾರ ಸುತ್ತಿಕೊಂಡಿತು. ಅವಳು ಬೆರಳನ್ನು ಗಾಳಿಯಲ್ಲೇ ತಡೆದು, ಕೈ ಕೊಡವಿ, ಕಾಲು ಬಿಡಿಸಿಕೊಂಡು ಮುಂದೆ ಹೋದಳು. ಒಂದೂವರೆ ಬಡಿತದಷ್ಟು ಹೊತ್ತು. ಆ ವಿಡಿಯೊ ಸಂಜೆಗೆ ಮನೆಮಂದಿಯ ಫೋನುಗಳಿಗೆಲ್ಲ ಬಂತು. ಯಾರೋ ಚಪ್ಪಾಳೆಯ ಚಿತ್ರ ಕಳಿಸಿದರು. ಅಲ್ಲಿಗೆ ಅದು ಮುಗಿಯಿತು ಎಂದುಕೊಂಡಳು.

ಮೇ ತಿಂಗಳಲ್ಲಿ ಚಿಕ್ಕದೊರೆಯ ಕೊನೆಯ ಮಗು ಹೆಜ್ಜೆಯಿಟ್ಟಿತು. ಮಗುವಿನ ಕಾಲಿಗೆ ಕಪ್ಪುಬಿಳುಪು ಹುರಿ ಕಟ್ಟಿ, ಓಟದಲ್ಲಿ ಗೆದ್ದ ಮಕ್ಕಳಿಂದ ಅದನ್ನು ಕತ್ತರಿಸುವ ಸಮಾರಂಭ ಒಂದು ಶನಿವಾರ ಗೊತ್ತಾಯಿತು. ಇನ್ನೂರು ಜನರಿಗೆ ಕರೆ. ಅವನು ಫೋನ್ ಮಾಡಿ, "ಹೋತವನ್ನ ತನ್ನಿ ಅತ್ತಿಗೆ, ಮಕ್ಕಳು ಕಾಯ್ತಿದ್ದಾರೆ," ಎಂದ. ಬುರುಲ್ಸುನ್ ಒಂದು ವಾರ ಸಿದ್ಧವಾದಳು. 'ಇಳಿಯಲೊಲ್ಲದ ಹೋತ'ವನ್ನು ಮನೆಯ ಹೊರಗೆ ಮೊದಲ ಸಲ ನುಡಿಸುವವಳಿದ್ದಳು. ಗಂಡನಿಗೂ ಹೇಳಿರಲಿಲ್ಲ. ನನಗೆ ಗೊತ್ತಿತ್ತು, ಏಕೆಂದರೆ ಆ ವಾರ ಚಿಕಿತ್ಸಾಲಯದಿಂದ ಬಂದ ಕೂಡಲೇ, ಬೂಟು ಕಳಚುವ ಮೊದಲೇ ಅವಳು ಮೇಜಿನ ಮುಂದೆ ಕೂರುತ್ತಿದ್ದಳು.

ಸಭಾಂಗಣದ ಮೂಲೆಯಲ್ಲಿ ಅವಳ ಮೇಜು ಹಾಕಿದ್ದರು. ಅವಳು ಪೆಟ್ಟಿಗೆ ಇಟ್ಟು, ದಾರ ಕಟ್ಟಿಕೊಂಡು, ಕೊಮುಜ್ ಎತ್ತಿಕೊಳ್ಳುವ ಹೊತ್ತಿಗೆ ಚಿಕ್ಕದೊರೆ ಬಂದು ಅದನ್ನು ಮೆಲ್ಲಗೆ ಅವಳ ತೊಡೆಯಿಂದ ಎತ್ತಿ ಕುರ್ಚಿಯ ಮೇಲಿಟ್ಟ.

"ಇದು ಬೇಡ ಅತ್ತಿಗೆ. ಇಷ್ಟು ದೊಡ್ಡ ಹಾಲು, ಯಾರಿಗೆ ಕೇಳ್ಸುತ್ತೆ? ನಮ್ಮ ತಂಡದ ರೆಕಾರ್ಡಿಂಗ್ ಇದೆ, ಸ್ಪೀಕರಿನಲ್ಲಿ ಹಾಕ್ತೀವಿ. ನೀವು ಬೆರಳು ಆಡ್ಸಿ ಸಾಕು."

"ಬೇರೆಯವರ ಕೈ ನುಡಿಸಿದ್ದಕ್ಕೆ ನನ್ನ ಹೋತ ಹೇಗಪ್ಪ ಕುಣಿಯುತ್ತೆ?"

"ಅದೇನು ಓದಿ ಬಂದ ಹೋತಾನಾ? ಕುಣಿಯುತ್ತೆ ಬಿಡಿ."

ಇಷ್ಟು ಹೇಳಿ ಅವನು ಮೈಕಿನ ಕಡೆಗೆ ಹೋದ. ಅವಳಿಗೆ ಹೆಚ್ಚು ಮಾತಾಡಲು ಸಮಯ ಸಿಗಲಿಲ್ಲ. ಮಕ್ಕಳು ಆಗಲೇ ಮೇಜಿನ ಸುತ್ತ ಕೂತುಬಿಟ್ಟಿದ್ದರು.

ಅವನು ಮೈಕಿನಲ್ಲಿ ಹೀಗೆ ಹೇಳಿದ: "ಈಗ ನೀವು ಕೇಳೋದು ನಮ್ಮ ಮನೆತನದ ಮಟ್ಟು. ನಮ್ಮ ತಾತ ಬೇಸಿಗೆ ಹುಲ್ಲುಗಾವಲಿನಲ್ಲಿ ನುಡಿಸ್ತಿದ್ದದ್ದು. ನಾನು ಸಂಗ್ರಹಿಸಿ ತಂಡಕ್ಕೆ ಕಲಿಸಿದ್ದೀನಿ. ಮುಂದಿನ ತಿಂಗಳು ಪ್ರಾಂತ್ಯದ ಸ್ಪರ್ಧೆಗೂ ಇದನ್ನೇ ಒಯ್ತಿದ್ದೀವಿ."

ಐದು ಕೊಮುಜ್‌ಗಳು ಒಟ್ಟಿಗೆ ಶುರುವಾದವು. ಮೊದಲ ಆರು ಬಡಿತಗಳಿಗೇ ನಾನು ಚಮಚ ಕೆಳಗಿಟ್ಟೆ. ಬುರುಲ್ಸುನ್ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ಕತ್ತಿನಿಂದ ಮೇಲಕ್ಕೆ ಕೆಂಪೇರಿತು. ಆದರೂ ಅವಳ ಬೆರಳು ಆಡಿತು. ನಾಲ್ಕು ವರ್ಷ ಕಲಿತ ಬೆರಳು, ಕೇಳಿದ ಕೂಡಲೇ ತನ್ನಷ್ಟಕ್ಕೆ ಆಡಿತು. ಹೋತ ಕುಣಿಯಿತು, ಮಕ್ಕಳು ಕೇಕೆ ಹಾಕಿದರು. ಬಂಡೆ ಹತ್ತುವ ಭಾಗ ಬಂತು. ಅಲ್ಲಿ ಐದು ಕೊಮುಜ್‌ಗಳೂ ಒಮ್ಮೆಲೇ ನಿಂತುಬಿಟ್ಟವು. ಒಂದೂವರೆ ಬಡಿತದಷ್ಟು ಮೌನ. ಅವಳ ಮಟ್ಟಿನಲ್ಲಿ ಅಲ್ಲಿ ಮೌನವಿಲ್ಲ. ಆ ಮೌನದೊಳಗೆ ಅವಳ ಹೋತ ಒಂದೇ ಒಂದು ಎತ್ತರದ ಜಿಗಿತ ಜಿಗಿದು, ಒಂಟಿಯಾಗಿ ಟಕ್ಕೆಂದು ಇಳಿಯಿತು.

ಇಡೀ ಸಭಾಂಗಣ ನಕ್ಕಿತು. ಚಿಕ್ಕದೊರೆ ಮೈಕ್ ಬಾಯಿಗಿಟ್ಟ: "ಕ್ಷಮಿಸ್ಬೇಕು ಬಂಧುಗಳೇ. ನಮ್ಮ ಅತ್ತಿಗೆಯ ಹೋತಕ್ಕೆ ವಯಸ್ಸಾಯ್ತು. ತಾತನ ಮಟ್ಟಿಗೆ ಹೆಜ್ಜೆ ಹಾಕೋಕೆ ಕಾಲು ಬರ್ತಿಲ್ಲ."

ನಗು ಇನ್ನೂ ಹೆಚ್ಚಾಯಿತು. ಸ್ಪೀಕರಿನಲ್ಲಿ ಮಟ್ಟು ಮುಂದುವರಿಯುತ್ತಲೇ ಇತ್ತು. ಬುರುಲ್ಸುನ್ ಎಡಗೈಯಿಂದ ಬಲಗೈ ಬೆರಳುಗಳ ದಾರಗಳನ್ನು ಒಂದೊಂದಾಗಿ ಬಿಚ್ಚಿದಳು. ಕೊನೆಯ ಗಂಟು ಬಿಚ್ಚಲಿಲ್ಲ, ಹಲ್ಲಿನಿಂದ ಕಚ್ಚಿ ಹರಿದಳು. ನೇರವಾಗಿ ನಡೆದು ಮೈಕಿನ ಮುಂದೆ ನಿಂತಳು.

"ಚಿಕ್ಕದೊರೆ, ಈ ಮಟ್ಟು ಯಾರದು?"

"ತಾತಂದು ಅಂತ ಈಗಷ್ಟೇ ಹೇಳಿದ್ನಲ್ಲ ಅತ್ತಿಗೆ. ಕಿವಿಗೂ ಏನಾದ್ರೂ ಕಟ್ಟಿಸ್ಕೋಬೇಕಾ?" ಎಂದು ಅವನು ಜನರ ಕಡೆ ನೋಡಿದ. ಜನ ನಕ್ಕರು.

"ಯಾರದು ಅಂತ ಕೇಳಿದೆ."

"ಅಯ್ಯೋ, ನಿಮ್ದೇ ಅಂತಿಟ್ಕೊಳ್ಳಿ. ಅತ್ತಿಗೆ ಮನೇಲಿ ಮೈದುನ ಏನು ತಿಂದ್ರೂ ಯಾರು ಕೇಳ್ತಾರೆ? ಕೋಪಾನಾ?"

"ಕೆಂಜೆಬೆಕ್," ಎಂದಳು ಬುರುಲ್ಸುನ್.

ಸ್ಪೀಕರಿನ ಸದ್ದಿನ ನಡುವೆಯೂ ಆ ಹೆಸರು ಕೊನೆಯ ಮೇಜಿನವರೆಗೂ ಹೋಯಿತು. ಹಿರಿಯ ಹೆಂಗಸರ ಸಾಲಿನಲ್ಲಿ ಒಬ್ಬಳು ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು. ಯಾರೋ ಓಡಿಹೋಗಿ ಸ್ಪೀಕರ್ ಆರಿಸಿದರು. ಅವಳು ದನಿ ಏರಿಸಲಿಲ್ಲ.

"ಕೆಂಜೆಬೆಕ್, ನಾಲ್ಕು ಚಳಿಗಾಲ ಕೂತು ಇದನ್ನ ಮಾಡಿದವಳು ನಾನು. ಫೆಬ್ರವರೀಲಿ ನನ್ನ ಮೇಜಿನ ಮೇಲೆ ಬಗ್ಗಿ ಫೋನಿನಲ್ಲಿ ಹಿಡ್ಕೊಂಡು ಹೋದವನು ನೀನು. ನಡುವೆ ನಿಂತಿತಲ್ಲ, ಅದು ನಿಮ್ಮ ತಾತನ ಕಲೆ ಅಲ್ಲ. ನನ್ನ ಹೋತದ ಹಿಂಗಾಲಿಗೆ ದಾರ ಸುತ್ಕೊಂಡಿತ್ತು. ಐದು ಜನ ಸಂಬಳದ ಕಲಾವಿದರು ಕೂತು ನನ್ನ ದಾರದ ಸಿಕ್ಕನ್ನ ಬಾಯಿಪಾಠ ಮಾಡಿದ್ದೀರಿ."

ನಾನು ಎದ್ದು ಸಾಕ್ಷಿ ಹೇಳಲಿಲ್ಲ. ಗೋಡೆಯಾಚೆಯಿಂದ ನಾಲ್ಕು ವರ್ಷ ಕೇಳಿದ ನಾನೇ ಮೂರನೆಯ ಮೇಜಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಕೆಂಜೆಬೆಕ್ ಸಭೆಯನ್ನು ಹಿಡಿದು ನಿಲ್ಲಿಸಲು ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದ. ಜೇಬಿನಿಂದ ಮೋರ್ಸಿಂಗ್ ತೆಗೆದು ಮುಂದಿನ ಹಲ್ಲುಗಳಿಗೆ ಒತ್ತಿ, ಜೋರಾಗಿ ಒಂದು ಕುದುರೆ ಓಟದ ಗತಿಯನ್ನು ಮೀಟಿದ. ಅವನ ಮುಂದಿನ ಎರಡು ಹಲ್ಲು ಬುರುಲ್ಸುನ್ ಹಿಂದೊಮ್ಮೆ ಕಟ್ಟಿಕೊಟ್ಟವು. ಅವು ಸಡಿಲವಾಗಿವೆ, ಬಂದು ಭದ್ರ ಮಾಡಿಸಿಕೋ ಎಂದು ಅವಳು ಮೂರು ತಿಂಗಳಿಂದ ಹೇಳುತ್ತಿದ್ದಳು. ನಾಲ್ಕನೆಯ ಮೀಟಿಗೆ ಎರಡೂ ಕಳಚಿ ಹತ್ತಿರದ ಮೇಜಿನ ಮಾಂಸದ ತಟ್ಟೆಯ ಅಂಚಿಗೆ ತಾಗಿ ಬಿದ್ದವು. ಆಗ ಜನ ನಕ್ಕ ನಗು ಹೋತಕ್ಕೆ ನಕ್ಕದ್ದಕ್ಕಿಂತ ದೊಡ್ಡದಾಗಿತ್ತು. ಆ ನಗುವಿನಿಂದಲೇ ಊರಿನ ಕತೆ ಹುಟ್ಟಿತು. ಬುರುಲ್ಸುನ್ ಆಗ ಕೊಮುಜ್ ಮತ್ತು ಪೆಟ್ಟಿಗೆಯನ್ನು ಎತ್ತಿಕೊಂಡು ಬಾಗಿಲಲ್ಲಿದ್ದಳು, ತಿರುಗಿಯೂ ನೋಡಲಿಲ್ಲ.

ಕಸಿಮಾಲಿ ತನ್ನ ಪಾಲಿನ ಮಾಂಸ ಬಿಟ್ಟು ಅವಳ ಹಿಂದೆ ಹೊರಟ. ನಾನೂ ಅವರ ಮಿನಿಬಸ್ಸಿನಲ್ಲೇ ಮನೆಗೆ ಬಂದೆ. ದಾರಿಯಲ್ಲಿ ಕಸಿಮಾಲಿ, "ನನ್ನ ಹೆಸರನ್ನೂ ಒಂದ್ಸಲ ಕರೆದು ನೋಡು, ಹೇಗಿರುತ್ತೆ ಕೇಳೋಣ," ಎಂದ.

"ನಿಮ್ಮ ಹೆಸರಿಗೆ ಇನ್ನೂ ಅಂಥ ಗತಿ ಬಂದಿಲ್ಲ," ಎಂದಳು ಅವಳು, ಕಿಟಕಿಯ ಕಡೆ ನೋಡುತ್ತ.

ಭಾನುವಾರ ಬೆಳಿಗ್ಗೆ ಅವಳು ಹೋತದ ದಾರಗಳನ್ನು ಹೊಸದಾಗಿ ಕಟ್ಟುತ್ತಿದ್ದಳು. ನಾನು ಕ್ಷಮೆ ಕೇಳಲು ಹೋಗಿದ್ದೆ. ಅದಕ್ಕೆ ಮಾತು ಹುಡುಕುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಎಪ್ಪತ್ತೊಂಬತ್ತು ವರ್ಷದ ಅತ್ತೆ ತೊಕ್ತೊಕಾನ್, ಮೂರು ಮಹಡಿ ಹತ್ತಿ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದರು. ಉಸಿರು ಸುಧಾರಿಸಿಕೊಳ್ಳುವ ಮೊದಲೇ ಚೀಲವನ್ನು ಮೇಜಿನ ಮೇಲಿಟ್ಟರು. ಒಳಗೆ ಬೇಯಿಸಿದ ಕುರಿಮಾಂಸ, ಎಣ್ಣೆಯಲ್ಲಿ ಕರಿದ ಬೊರ್ಸೊಕ್ ಹಿಟ್ಟಿನ ತುಂಡುಗಳು, ಕಾಗದದಲ್ಲಿ ಸುತ್ತಿದ ಮಿಠಾಯಿ.

"ನಿನ್ನ ಪಾಲು. ನೀನು ಬಿಟ್ಟು ಬಂದಿದ್ದೆ. ಸಿಟ್ಟು ಬೇರೆ, ಪಾಲು ಬೇರೆ."

"ಕೂತ್ಕೊಳ್ಳಿ ಅಪಾ. ಚಹಾ ಮಾಡ್ತೀನಿ," ಎಂದಳು ಬುರುಲ್ಸುನ್. ಅತ್ತೆಯನ್ನು ಅವಳು ಅಪಾ, ಅಂದರೆ ಅಮ್ಮ, ಎಂದೇ ಕರೆಯುವುದು.

"ಚಹಾ ಕುಡಿಯೋಕೆ ಬಂದಿಲ್ಲ. ನನ್ನ ಮಗನ ಹೆಸರು ಹೇಳಿದೆಯಲ್ಲ, ಇನ್ನೂರು ಜನರ ಮುಂದೆ."

"ಹೇಳಿದೆ."

"ಇಪ್ಪತ್ತೆಂಟು ವರ್ಷದಲ್ಲಿ ನನ್ನ ಸೊಸೆ ಬಾಯಿಂದ ಒಂದು ಹೆಸರು ಬಿದ್ದಿಲ್ಲ ಅಂತ ನಾನು ಎಲ್ಲರ ಮುಂದೆ ಹೇಳ್ಕೊಂಡು ತಿರುಗ್ತಿದ್ದೆ. ನಿನ್ನೆ ಆ ಹೆಂಗಸರೆಲ್ಲ ನನ್ನ ಮುಖ ನೋಡಿದ್ರು. ಎಲ್ಲಿ ನೋಡಬೇಕು ನಾನು?"

"ನಿಮ್ಮ ಮಗನ ಮುಖ ನೋಡ್ಬೇಕಿತ್ತು ಅಪಾ."

ಮುದುಕಿ ಕುರ್ಚಿ ಎಳೆದು ಕೂತರು. ಆಮೇಲೆ ಬಂದ ಕೆಲಸ ಹೇಳಿದರು. ಕೆಂಜೆಬೆಕ್ ಒಂದು ಮಾತು ಕಳಿಸಿದ್ದ. ಇವತ್ತು ಸಂಜೆಯೊಳಗೆ ಬುರುಲ್ಸುನ್ ಕ್ಷಮೆಯ ಕಾಣಿಕೆಯಾಗಿ ಬಿಳಿ ತಲೆವಸ್ತ್ರ ತೆಗೆದುಕೊಂಡು ಬಂದು, ಅದೇ ಹಿರಿಯರ ಮುಂದೆ ತಪ್ಪಾಯಿತು ಎನ್ನಬೇಕು. ಹಾಗೆ ಮಾಡಿದರೆ ಅವನು ಸ್ಪರ್ಧೆಯ ಕಾರ್ಯಕ್ರಮ ಪಟ್ಟಿಯಲ್ಲಿ 'ಅತ್ತಿಗೆಯ ಮನೆಯಲ್ಲಿ ಕೇಳಿದ್ದು' ಎಂದು ಸೇರಿಸುತ್ತಾನೆ. ಪಟ್ಟಿ ನಾಳೆ ಅಚ್ಚಿಗೆ ಹೋಗುತ್ತದೆ.

"ಕೇಳಿದ್ದು," ಎಂದಳು ಬುರುಲ್ಸುನ್. ಕೈಯಲ್ಲಿದ್ದ ದಾರವನ್ನು ಬಿಗಿಯಾಗಿ ಎಳೆದು ಗಂಟು ಹಾಕಿದಳು. "ನನ್ನ ಮನೇಲಿ ಕೇಳಿದ್ದು. ಅಂದ್ರೆ ಪಕ್ಕದ ಮನೆ ನಾಯಿ ಬೊಗಳಿದ್ದೂ ನನ್ನ ಮನೇಲಿ ಕೇಳುತ್ತೆ. ಅಪಾ, ನಾನು ಅದನ್ನ ಮಾಡಿದ್ದೀನಿ. ಬುರುಲ್ಸುನ್ ಮಾಡಿದ್ದು ಅಂತ ಬರೀಲಿ. ಎರಡೇ ಪದ. ಬರೆದ ದಿನ ತಲೆವಸ್ತ್ರ ಹಿಡ್ಕೊಂಡು ಮೊಣಕಾಲ ಮೇಲೆ ಬೇಕಾದ್ರೂ ಬರ್ತೀನಿ."

"ಹಟ ಮಾಡ್ಬೇಡ. ಅರ್ಧವಾದ್ರೂ ಸಿಗ್ತಿದೆ."

"ಇಪ್ಪತ್ತೆಂಟು ವರ್ಷ ಅರ್ಧದಲ್ಲೇ ನಕ್ಕಿದ್ದೀನಿ ಅಪಾ."

ಕಸಿಮಾಲಿ ಒಲೆಯ ಹತ್ತಿರ ನಿಂತು ಕೇಳುತ್ತಿದ್ದ. ತಾಯಿ ಅವನ ಕಡೆ ತಿರುಗಿದರು. "ನೀನೇನು ಕಂಬ ಆಗಿದ್ದೀಯಾ? ಹೆಂಡ್ತಿಗೆ ಹೇಳು."

"ಅವನೇ ಬರ್ಲಿ ಅಮ್ಮಾ," ಎಂದ ಅವನು. "ಮೂರು ಮಹಡಿ ನೀವು ಹತ್ತಿದ್ದೀರಿ. ನಲವತ್ತೊಂದು ವರ್ಷದವನಿಗೆ ಹತ್ತೋಕೆ ಏನು?"

ಮುದುಕಿ ಹೋತದ ಕಡೆ ತಿರುಗಿದರು. ಆಮೇಲೆ, "ನುಡಿಸು," ಎಂದರು. "ಜಗಳ ಏನು ಅಂತ ಸರಿಯಾಗಿ ಕೇಳ್ತೀನಿ."

ಬುರುಲ್ಸುನ್ ದಾರ ಕಟ್ಟಿಕೊಂಡು ನುಡಿಸಿದಳು. ಆ ದಿನ ಅವಳ ಬಡಿತದಲ್ಲಿ ಮೃದುವಾದದ್ದು ಯಾವುದೂ ಇರಲಿಲ್ಲ. ಹೋತ ಕುಣಿಯಿತು ಎನ್ನುವುದಕ್ಕಿಂತ ಪೆಟ್ಟಿಗೆಯನ್ನು ಒದೆಯಿತು ಎನ್ನಬೇಕು. ಬಂಡೆ ಹತ್ತುವ ಭಾಗ ಒಂದು ಕ್ಷಣವೂ ತಡೆಯದೆ ತುದಿಗೇರಿತು. ಮುಗಿದಾಗ ತಂತಿಗಳ ಮೇಲೆ ಅಂಗೈ ಒತ್ತಿ ಸದ್ದನ್ನು ಅಡಗಿಸಿದಳು.

"ನಿನ್ನೆ ಒಂದು ಕಡೆ ನಿಂತಿತ್ತಲ್ಲ, ಅದು ಎಲ್ಲಿ?" ಎಂದರು ಅತ್ತೆ.

ಕಸಿಮಾಲಿ ತನ್ನ ಫೋನು ತೆಗೆದು, ಫೆಬ್ರವರಿಯ ವಿಡಿಯೊ ಹುಡುಕಿ, ತಾಯಿಯ ಕಣ್ಣ ಮುಂದೆ ಹಿಡಿದ. ಹಿಂಗಾಲಿಗೆ ದಾರ ಸುತ್ತಿಕೊಂಡದ್ದು, ಬೆರಳು ಗಾಳಿಯಲ್ಲಿ ನಿಂತದ್ದು, ಕೈ ಕೊಡವಿದ್ದು ಎಲ್ಲ ಅದರಲ್ಲಿ ಸ್ಪಷ್ಟವಾಗಿತ್ತು. ಮುದುಕಿ ಅದನ್ನು ಮೂರು ಸಲ ಹಾಕಿಸಿಕೊಂಡು ನೋಡಿದರು.

"ಅವನ ತಾತ, ನಮ್ಮ ಮಾವ, ಕೊಮುಜ್ ಮುಟ್ಟಿದವರೇ ಅಲ್ಲ," ಎಂದರು ಕೊನೆಗೆ. "ಕುದುರೆ ಕಾಯ್ತಿದ್ರು. ಎಡಗಿವಿ ಪೂರ್ತಿ ಕಿವುಡು. ಯಾರಾದ್ರೂ ನುಡಿಸಿದ್ರೆ ಎದ್ದು ಹೊರಗೆ ಹೋಗ್ತಿದ್ರು."

"ನಿನ್ನೆ ಇದನ್ನ ಯಾಕೆ ಹೇಳ್ಲಿಲ್ಲ?" ಬುರುಲ್ಸುನ್ ದನಿ ಮೊದಲ ಸಲ ಏರಿತು. "ಅಲ್ಲೇ ಕೂತಿದ್ರಿ. ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ."

"ನನ್ನ ಮಗ. ಮೊಮ್ಮಗನ ಕಾಲಿನ ಹುರಿ ಕತ್ತರಿಸೋ ದಿನ. ಹೇಗೆ ಹೇಳ್ಲಿ?"

"ನಾನೂ ನಿಮ್ಮನ್ನ ಅಪಾ ಅಂತ ಕರೀತೀನಿ."

ಮುದುಕಿ ಊರುಗೋಲು ಹಿಡಿದು ಎದ್ದರು. ಬಾಗಿಲವರೆಗೆ ಹೋಗಿ ನಿಂತರು.

"ಮಟ್ಟು ನಿಂದು. ಹೆಸರು ಹೇಳಿದ್ದು ತಪ್ಪು. ಎರಡೂ ನಿಜ."

"ಎರಡನೇದನ್ನ ನನಗೆ ಹೇಳಿ ಆಯ್ತು. ಮೊದಲನೇದನ್ನ ಹೋಗಿ ಅವನಿಗೆ ಹೇಳಿ."

ಅತ್ತೆ ಚಹಾ ಕುಡಿಯದೆಯೇ ಹೋದರು. ಆದರೆ ಹೊರಡುವಾಗ ಮೇಜಿನ ಮೇಲಿದ್ದ ರೊಟ್ಟಿಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಹಾಗಾಗಿ ಸಂಬಂಧ ಕಡಿಯಿತು ಎಂದು ಯಾರೂ ಹೇಳುವಂತಿರಲಿಲ್ಲ. ಬುರುಲ್ಸುನ್ ಆ ಸಂಜೆ ಎಲ್ಲಿಗೂ ಹೋಗಲಿಲ್ಲ. ಅವರು ತಂದ ಮಾಂಸವನ್ನು ಬಿಸಿ ಮಾಡಿದಳು, ಮೂವರೂ ತಿಂದೆವು. ತಿನ್ನುತ್ತಿದ್ದಾಗ ಅವಳು ಒಮ್ಮೆ ಮುಷ್ಟಿಯಿಂದ ಮೇಜಿಗೆ ಗುದ್ದಿದಳು. ಬಟ್ಟಲುಗಳು ಹಾರಿದವು.

ಅತ್ತೆ ಮೊದಲನೆಯ ಮಾತನ್ನು ಮಗನಿಗೆ ಹೇಳಿದರು. ಅದು ಕೆಂಜೆಬೆಕ್‌ನ ಹೆಂಡತಿ ಬುರುಲ್ಸುನ್‌ಗೆ ಆಡಿದ ಮಾತಿನಿಂದ ತಿಳಿಯಿತು. ಸೋಮವಾರ ಅವಳು ಆ ಎರಡು ಹಲ್ಲುಗಳನ್ನು ಕರವಸ್ತ್ರದಲ್ಲಿ ಸುತ್ತಿ ಚಿಕಿತ್ಸಾಲಯಕ್ಕೆ ತಂದಿದ್ದಳು. "ಅಮ್ಮ ಹೇಳಿದ್ರು, ನಮ್ಮನೆಯವರು ತಟ್ಟೆ ಬಿಟ್ಟು ಎದ್ದು ಹೋದ್ರು," ಎಂದಳಂತೆ. ಬುರುಲ್ಸುನ್ ಹಲ್ಲುಗಳನ್ನು ಸರಿಮಾಡಿ ಕಳಿಸಿದಳು. ಅದು ಅವಳ ಕೆಲಸ. ಕೆಲಸದ ಮೇಲೆ ಸಿಟ್ಟು ತೀರಿಸಿಕೊಳ್ಳುವವಳಲ್ಲ. ಕಾರ್ಯಕ್ರಮ ಪಟ್ಟಿ ಮಾತ್ರ ಮೊದಲಿದ್ದಂತೆಯೇ ಅಚ್ಚಾಗಿ ಬಂತು. ಸ್ಪರ್ಧೆಯಲ್ಲಿ ತಂಡಕ್ಕೆ ಎರಡನೆಯ ಸ್ಥಾನ ಸಿಕ್ಕಿತು. ತೀರ್ಪುಗಾರರೊಬ್ಬರು ನಡುವಿನ ಆ ಮೌನವನ್ನು ವಿಶೇಷವಾಗಿ ಮೆಚ್ಚಿ, ಪ್ರಪಾತದ ಅಂಚಿನಲ್ಲಿ ಪ್ರಾಣಿ ಉಸಿರು ಬಿಗಿಹಿಡಿದದ್ದು ಕಣ್ಣಿಗೆ ಕಟ್ಟುತ್ತದೆ ಎಂದರಂತೆ. ಪತ್ರಿಕೆಯಲ್ಲಿ ಬಂದ ಆ ಸಾಲನ್ನು ಬುರುಲ್ಸುನ್‌ಗೆ ಓದಿ ಹೇಳಿದವಳು ಚಿಕಿತ್ಸಾಲಯದ ದಾದಿ. ಬುರುಲ್ಸುನ್ ಮೇಣ ಕೆತ್ತುವ ಚಾಕುವನ್ನು ಕೆಳಗಿಟ್ಟು, ಎದ್ದು, ಅಂಗಳದಲ್ಲಿ ಎರಡು ಸುತ್ತು ನಡೆದು ಬಂದು ಮತ್ತೆ ಕೆಲಸಕ್ಕೆ ಕೂತಳಂತೆ.

ಇದಾಗಿ ಹದಿನಾಲ್ಕು ತಿಂಗಳಾಯಿತು. ಊರಿನ ಮೂರು ಸಂಗೀತ ಶಾಲೆಗಳಲ್ಲಿ ಮಕ್ಕಳು ಆ ಮಟ್ಟನ್ನು ಕಲಿಯುತ್ತಿದ್ದಾರೆ, ದಾರದ ಸಿಕ್ಕನ್ನೂ ಸೇರಿಸಿ. ಪಾಠದ ಹಾಳೆಯಲ್ಲಿ ರಚಿಸಿದವರ ಹೆಸರು ಇರಬೇಕಾದ ಜಾಗದಲ್ಲಿ 'ಜಾನಪದ, ಸಂಗ್ರಹ: ಕೆಂಜೆಬೆಕ್' ಎಂದಿದೆ. ಬುರುಲ್ಸುನ್ ಸಮಾರಂಭಗಳಿಗೆ ಹೋಗುತ್ತಾಳೆ, ಆದರೆ ಅಲ್ಲಿ ನುಡಿಸುವುದಿಲ್ಲ. ಶನಿವಾರ, ಭಾನುವಾರ ಮನೆಯಲ್ಲಿ ನುಡಿಸುತ್ತಾಳೆ, ಫೋನು ಹಿಡಿದು ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾಳೆ. ಮೈದುನನ ಮಾತು ಬಂದಾಗ, ಅತ್ತೆಯ ಮುಂದೆಯೂ, ಅವನನ್ನು ಹೆಸರಿನಿಂದಲೇ ಕರೆಯುತ್ತಾಳೆ. ಅತ್ತೆ ತಿಂಗಳಿಗೊಮ್ಮೆ ಬರುತ್ತಾರೆ, ಆ ಹೆಸರು ಕೇಳಿದಾಗ ಕಿಟಕಿಯ ಕಡೆ ತಿರುಗಿಕೊಳ್ಳುತ್ತಾರೆ. ಕೆಂಜೆಬೆಕ್ ಈ ಮೂರು ಮಹಡಿಗಳನ್ನು ಇನ್ನೂ ಹತ್ತಿಲ್ಲ. ಅವನು ಪಟ್ಟಿ ತಿದ್ದಿಲ್ಲ, ಅವಳು ಕ್ಷಮೆ ಕೇಳಿಲ್ಲ.